ಎಣ್ಣೆ ಚರ್ಮದ ಆರೈಕೆಯೂ ಅಂಗಡಿಯವರ ಹೊಣೆಯೂ

ಈ ಪುಟಗಳಲ್ಲಿ ನಾನು ಸಾಧಾರಣವಾಗಿ ಬರೆಯುವುದು ರಿಟರ್ನ್ಸ್, ಮುಂಗಡ ತೆರಿಗೆ, ಹೂಡುವಳಿ ತೆರಿಗೆಯ ಜಮೆ ಮೊದಲಾದ ವಿಷಯಗಳನ್ನು. ಈ ತಿಂಗಳು ಚರ್ಮದ ವಿಷಯವನ್ನು ಎತ್ತಿಕೊಂಡಿರುವುದನ್ನು ಕಂಡು ಸದಸ್ಯ ಮಿತ್ರರಿಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆದರೆ ನಮ್ಮ ಸದಸ್ಯರಲ್ಲಿ ದಿನಸಿ ಅಂಗಡಿ, ಫ್ಯಾನ್ಸಿ ಸ್ಟೋರ್, ಔಷಧದಂಗಡಿಗಳನ್ನು ನಡೆಸುವವರು ಅನೇಕರಿದ್ದಾರೆ. ಜಿಡ್ಡು ಮುಖದ ಹುಡುಗನೋ ಹುಡುಗಿಯೋ ಮೊದಲು ಹೋಗುವುದು ವೈದ್ಯರ ಬಳಿಗಲ್ಲ, ಇವರ ಗಲ್ಲಾಪೆಟ್ಟಿಗೆಯ ಮುಂದಕ್ಕೆ. ಅಲ್ಲಿ ಏನು ಕೈಗೆ ಸಿಗುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎಂಬುದು ನನಗೆ ಲೆಕ್ಕಪತ್ರದ ಮೂಲಕವೇ ತಿಳಿಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ.

2025ರ ಮಾರ್ಚ್ 30ರಂದು ಯುಗಾದಿ. ಹಬ್ಬಕ್ಕೆ ಹದಿನಾರಿನ ನನ್ನ ತಮ್ಮನ ಮನೆಗೆ ಹೋಗಿದ್ದೆ. ಮೈಸೂರು ಅರಸರ ವಂಶದ ಮೂಲಕಥೆಯಲ್ಲಿ ಬರುವ ಈ ಊರಿನಲ್ಲಿ ಅರಸೊತ್ತಿಗೆ ಹೋದರೂ ಯುಗಾದಿಯ ಎಣ್ಣೆಸ್ನಾನ ಹೋಗಿಲ್ಲ. ನಮ್ಮ ತಾಯಿಯವರು ಬಿಸಿ ಎಣ್ಣೆಯ ಬಟ್ಟಲು ಹಿಡಿದು ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಮಣೆಯ ಮೇಲೆ ಕೂರಿಸುತ್ತಿದ್ದರು. ನಂಜನಗೂಡಿನಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವ ತಮ್ಮನ ಮಗಳು ಮಾತ್ರ ಒಪ್ಪಲಿಲ್ಲ. "ದೊಡ್ಡಪ್ಪ, ನೀವಾದರೂ ಅಜ್ಜಿಗೆ ಹೇಳಿ. ನನ್ನ ಮುಖದಲ್ಲೇ ಒಂದು ಗಾಣ ಓಡ್ತಾ ಇದೆ, ಇನ್ನು ಮೇಲಿಂದ ಬೇರೆ ಹಚ್ಚಬೇಕಾ?" ಎಂದಳು. ಎಲ್ಲರೂ ನಕ್ಕೆವು. ಆದರೆ ಹತ್ತಿರದಿಂದ ನೋಡಿದಾಗ ಆಕೆಯ ಕೆನ್ನೆಗಳು ಮೊಡವೆಯಿಂದಲ್ಲದೆ ಬೇರೇನೋ ಕಾರಣದಿಂದ ಕೆಂಪಾಗಿದ್ದಂತೆ ತೋರಿತು. ಚರ್ಮದಡಿಯ ಸಣ್ಣ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತಿದ್ದವು. ದವಡೆಯ ಅಂಚಿನಲ್ಲಿ ನವಿರು ಕೂದಲು ಬೆಳೆದಿತ್ತು. ಏನು ಹಚ್ಚುತ್ತೀಯೆ ಎಂದು ಕೇಳಿದಾಗ ಕನ್ನಡಿಯ ಹಿಂದಿನಿಂದ ಒಂದು ಟ್ಯೂಬು ತಂದು ತೋರಿಸಿದಳು. ಗೆಳತಿಯೊಬ್ಬಳು ಹೇಳಿದ್ದಂತೆ, ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಟ್ಟಿದ್ದರಂತೆ. ಮೊದಲ ತಿಂಗಳು ಮುಖ ಫಳಫಳ ಎಂದಿತಂತೆ. ಈಗ ಎರಡು ದಿನ ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ.

ಮರುದಿನ ಮಾರ್ಚ್ 31. ವರ್ಷಾಂತ್ಯದ ದಾಸ್ತಾನು ಎಣಿಕೆಗೆಂದು ನನ್ನ ಕಕ್ಷಿದಾರರೊಬ್ಬರ ಫ್ಯಾನ್ಸಿ ಸ್ಟೋರಿನಲ್ಲಿ ಕುಳಿತಿದ್ದೆ. ಬಳೆ, ರಿಬ್ಬನ್, ಪೌಡರು, ಸ್ನೋಗಳ ನಡುವೆ ಅದೇ ಟ್ಯೂಬಿನ ಎರಡು ಪೆಟ್ಟಿಗೆಗಳು. ಗಣಕಯಂತ್ರದ ಪಟ್ಟಿಯಲ್ಲಿ ಅವು "ಸೌಂದರ್ಯ ಸಾಧನಗಳು" ಎಂಬ ಶೀರ್ಷಿಕೆಯಡಿ ಇದ್ದವು. ಖರೀದಿ ಬಿಲ್ಲನ್ನು ತೆಗೆಸಿ ನೋಡಿದೆ. ಅದರಲ್ಲಿದ್ದ ಎಚ್‌ಎಸ್‌ಎನ್ ಸಂಖ್ಯೆ 3004, ತೆರಿಗೆ ಶೇ. 12. ಮುಖದ ಕ್ರೀಮು ಸೌಂದರ್ಯ ಸಾಧನವಾಗಿದ್ದರೆ ಸಂಖ್ಯೆ 3304 ಇರಬೇಕಾಗಿತ್ತು, ತೆರಿಗೆ ಶೇ. 18 ಆಗಬೇಕಾಗಿತ್ತು. 3004 ಎಂದರೆ ಔಷಧ. ಸರಬರಾಜುದಾರನ ಬಿಲ್ಲು ನಾಲ್ಕು ಅಂಕಿಗಳಲ್ಲಿ ಸತ್ಯವನ್ನೇ ಹೇಳಿತ್ತು. ಅಂಗಡಿಯ ಗಣಕಯಂತ್ರ ಅದನ್ನು ಸ್ನೋ ಡಬ್ಬಿಯ ಪಕ್ಕಕ್ಕೆ ಸೇರಿಸಿತ್ತು. ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಹಿಂದಿನ ಎರಡು ವರ್ಷಗಳ ದಾಸ್ತಾನು ಪಟ್ಟಿಯಲ್ಲಿಯೂ ಅದೇ ಟ್ಯೂಬು ಅದೇ ಶೀರ್ಷಿಕೆಯಡಿ ಇತ್ತು, ಅದರ ಮುಂದೆ ನನ್ನದೇ ಹಸಿರು ಶಾಯಿಯ ಗುರುತು ಇತ್ತು.

ಆ ಟ್ಯೂಬಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮುನ್ನ ಎಣ್ಣೆ ಚರ್ಮವೆಂದರೇನು, ಅದಕ್ಕೆ ನಿಜವಾಗಿ ಬೇಕಾಗುವುದೇನು ಎಂಬುದನ್ನು ತಿಳಿಯಬೇಕು. ಅದು ತಿಳಿದರೆ ಆ ಟ್ಯೂಬಿನ ಅಗತ್ಯವೇ ಬೀಳುವುದಿಲ್ಲ.

ಜಿಡ್ಡು ಎಲ್ಲಿಂದ ಬರುತ್ತದೆ?

ಅಂಗೈ, ಅಂಗಾಲುಗಳನ್ನು ಬಿಟ್ಟರೆ ನಮ್ಮ ಚರ್ಮದಲ್ಲೆಲ್ಲ ಜಿಡ್ಡಿನ ಗ್ರಂಥಿಗಳಿವೆ. ಇವು ರೋಮದ ಬುಡಕ್ಕೆ ಅಂಟಿಕೊಂಡಿದ್ದು, ತಾವು ತಯಾರಿಸಿದ ಕೊಬ್ಬನ್ನು ಆ ರೋಮದ ದಾರಿಯಿಂದಲೇ ಹೊರಕ್ಕೆ ಕಳುಹಿಸುತ್ತವೆ. ನೆತ್ತಿ, ಹಣೆ, ಮೂಗು, ಗಲ್ಲ, ಎದೆ ಹಾಗೂ ಬೆನ್ನಿನ ಮೇಲ್ಭಾಗ, ಈ ಎಡೆಗಳಲ್ಲಿ ಗ್ರಂಥಿಗಳು ದಟ್ಟವಾಗಿವೆ. ಆದುದರಿಂದಲೇ ಅನೇಕರಿಗೆ ಹಣೆ, ಮೂಗು ಹೊಳೆಯುತ್ತಿದ್ದರೂ ಕೆನ್ನೆ ಒಣಗಿರುತ್ತದೆ. ಈ ಜಿಡ್ಡಿಗೆ ವೈದ್ಯಶಾಸ್ತ್ರದಲ್ಲಿ ಸೀಬಮ್ ಎಂದು ಹೆಸರು. ಕೊಬ್ಬು, ಮೇಣ ಹಾಗೂ ಸ್ಕ್ವಾಲೀನ್ ಎಂಬ ಎಣ್ಣೆಯಂಶಗಳ ಮಿಶ್ರಣವಿದು. ಚರ್ಮ ಒಡೆಯದಂತೆ, ಒಳಗಿನ ನೀರು ಆರಿಹೋಗದಂತೆ ಕಾಪಾಡುವ ಹೊದಿಕೆಯಲ್ಲಿ ಇದರದೂ ಪಾಲಿದೆ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ಮೀಸಲು ನಿಧಿ, ಸಾಲವಲ್ಲ. ಅದನ್ನು ಸೊನ್ನೆಗೆ ಇಳಿಸುವ ಪ್ರಯತ್ನವೇ ತಪ್ಪು.

ಗ್ರಂಥಿಗಳಿಗೆ ಆಜ್ಞೆ ಕೊಡುವುದು ಆಂಡ್ರೋಜೆನ್ ಎಂಬ ಹಾರ್ಮೋನುಗಳು. ಇವು ಗಂಡಸರಲ್ಲಿ ಹೆಚ್ಚಾಗಿಯೂ ಹೆಂಗಸರಲ್ಲಿ ಕಡಿಮೆಯಾಗಿಯೂ ಇರುತ್ತವೆ. ಹರೆಯ ಬರುತ್ತಿದ್ದಂತೆ ಇವು ಏರುತ್ತವೆ, ಗ್ರಂಥಿಗಳು ಹಿಗ್ಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಜಿಡ್ಡು ಇಳಿಯುತ್ತದೆ. ಗಂಡಸರಲ್ಲಿ ಬಹಳ ವಯಸ್ಸಿನವರೆಗೂ ಹೆಚ್ಚು ಇಳಿಯುವುದಿಲ್ಲ. ಐವತ್ತು ದಾಟಿದ ನನ್ನ ಕನ್ನಡಕದ ಮೂಗುಪಟ್ಟಿ ಇಂದಿಗೂ ಮಧ್ಯಾಹ್ನದ ಹೊತ್ತಿಗೆ ಜಾರುತ್ತದೆ. ಯಾರ ಗ್ರಂಥಿ ಎಷ್ಟು ಚುರುಕು ಎಂಬುದು ಬಹುಮಟ್ಟಿಗೆ ವಂಶದಿಂದ ಬಂದದ್ದು. ಇದರಲ್ಲಿ ಮಕ್ಕಳ ತಪ್ಪೂ ಇಲ್ಲ, ಕೊಳಕಿನ ಪ್ರಶ್ನೆಯೂ ಇಲ್ಲ.

ಬೋಂಡ ತಿಂದದ್ದರಿಂದ ಮುಖ ಜಿಡ್ಡಾಯಿತು ಎನ್ನುವವರಿದ್ದಾರೆ. ಬಾಣಲೆಯ ಎಣ್ಣೆ ನೇರವಾಗಿ ಹಣೆಗೆ ಬರುವ ದಾರಿ ದೇಹದಲ್ಲಿಲ್ಲ. ಆದರೆ ಸಕ್ಕರೆ, ಮೈದಾ, ಸಿಹಿ ಪಾನೀಯಗಳಂತಹ ರಕ್ತದ ಸಕ್ಕರೆಯನ್ನು ತಟ್ಟನೆ ಏರಿಸುವ ಆಹಾರಕ್ಕೂ ಮೊಡವೆಗೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ. ಬೋಂಡದ ಜೊತೆಗೆ ಎರಡು ಚಮಚ ಸಕ್ಕರೆಯ ಚಹಾ ಕುಡಿಯುವವರು ಚಹಾವನ್ನು ಸಂಶಯಿಸುವುದು ಹೆಚ್ಚು ನ್ಯಾಯ.

ಮೊಡವೆ ಹುಟ್ಟುವುದು ಆ ರೋಮದ ದಾರಿ ಕಟ್ಟಿಕೊಂಡಾಗ. ಸತ್ತ ಚರ್ಮದ ಕಣಗಳೂ ಜಿಡ್ಡೂ ಸೇರಿ ಬಿರಡೆಯಾಗುತ್ತವೆ; ಹಿಂದೆ ಜಿಡ್ಡು ತುಂಬಿಕೊಳ್ಳುತ್ತದೆ; ಅಲ್ಲಿ ಸದಾ ವಾಸವಾಗಿರುವ ಸೂಕ್ಷ್ಮಾಣುಗಳು ಹೆಚ್ಚುತ್ತವೆ; ಉರಿಯೂತವಾಗುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆ ಧೂಳಲ್ಲ. ಬಿರಡೆಯ ತುದಿ ಗಾಳಿ ತಾಗಿ ಕಪ್ಪಾಗಿರುವುದು ಅಷ್ಟೆ. ಉಜ್ಜಿ ತೆಗೆಯಲು ಹೋದರೆ ಚರ್ಮ ಕೆರೆದು ಗಾಯವಾಗುತ್ತದೆಯೇ ಹೊರತು ಬಿರಡೆ ಅಲುಗುವುದಿಲ್ಲ.

ದಿನನಿತ್ಯದ ಆರೈಕೆ

ಎಷ್ಟು ಸಲ ತೊಳೆಯಬೇಕು ಎಂಬುದು ಮೊದಲ ಪ್ರಶ್ನೆ. ದಿನಕ್ಕೆ ಎರಡು ಸಲ, ಬೆವರಿ ಬಂದಾಗ ಇನ್ನೊಂದು ಸಲ. ಇದಕ್ಕಿಂತ ಹೆಚ್ಚು ಬೇಡ. ತೊಳೆಯುವುದರಿಂದ ಮೇಲಿನ ಜಿಡ್ಡು ಹೋಗುತ್ತದೆ, ಗ್ರಂಥಿಯ ಕೆಲಸ ನಿಲ್ಲುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹೊಳಪು ಮರಳುತ್ತದೆ. ಆ ಮಧ್ಯಾಹ್ನದ ಹೊಳಪನ್ನು ಕಂಡು ನಾಲ್ಕನೆಯ ಬಾರಿ ಸೋಪು ಹಿಡಿಯುವವರು ಮೇಲ್ಪದರವನ್ನು ಕೆಡಿಸಿಕೊಳ್ಳುತ್ತಾರೆ. ಜಿಡ್ಡೂ ಇದೆ, ಬಿಗಿತವೂ ಇದೆ, ಉರಿಯೂ ಇದೆ ಎಂಬ ಸ್ಥಿತಿ ಬರುವುದು ಹೀಗೆ. ಮಧ್ಯಾಹ್ನದ ಹೊತ್ತಿಗೆ ತೆಳು ಕಾಗದದಿಂದಲೋ ಮೆತ್ತನೆಯ ಹತ್ತಿಬಟ್ಟೆಯಿಂದಲೋ ಒತ್ತಿ ತೆಗೆದರೆ ಸಾಕು. ಬಿಸಿನೀರು ಬೇಡ, ತಣ್ಣೀರೋ ಉಗುರುಬೆಚ್ಚಗಿನ ನೀರೋ ಇರಲಿ. ಒರೆಸುವಾಗ ಉಜ್ಜದೆ ಒತ್ತಬೇಕು.

ಸೋಪಿನ ಬಗ್ಗೆ ಒಂದು ಸಂಗತಿ. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯವಾಗಿರುತ್ತದೆ. ಅದರ ಪಿಎಚ್ ಸುಮಾರು 5. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಎಲ್ಲ ಸೋಪುಗಳೂ ಕ್ಷಾರೀಯ, ಅವುಗಳ ಪಿಎಚ್ 9ರಿಂದ 10. ಬೆಲೆ ಎಷ್ಟೇ ಇರಲಿ, ಬ್ರಾಂಡ್ ಯಾವುದೇ ಇರಲಿ, ಇದು ರಸಾಯನಶಾಸ್ತ್ರದ ನಿಯಮ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಮೊಡವೆಯಿಂದ ಉರಿಯುತ್ತಿರುವ ಮುಖಕ್ಕೆ ಮಾತ್ರ, ಸೋಪಲ್ಲದ ಮೃದು ಶೋಧಕಗಳಿಂದ ಮಾಡಿದ ಫೇಸ್‌ವಾಶ್ ಹೆಚ್ಚು ಹಿತ. ಅದರಲ್ಲಿ ಸ್ಯಾಲಿಸಿಲಿಕ್ ಆಮ್ಲ ಶೇ. 2ರವರೆಗೆ ಇದ್ದರೆ ಒಳ್ಳೆಯದು. ಅದು ಎಣ್ಣೆಯಲ್ಲಿ ಕರಗುವ ಆಮ್ಲವಾದ್ದರಿಂದ ಜಿಡ್ಡಿನ ದಾರಿಯೊಳಕ್ಕೆ ಇಳಿದು ಬಿರಡೆಯನ್ನು ಸಡಿಲಿಸುತ್ತದೆ.

ಎಣ್ಣೆ ಚರ್ಮಕ್ಕೆ ತೇವಕಾರಕ ಕ್ರೀಮು ಬೇಡ ಎಂಬ ನಂಬಿಕೆ ವ್ಯಾಪಕವಾಗಿದೆ. ಎಣ್ಣೆ ಬೇರೆ, ನೀರು ಬೇರೆ. ಜಿಡ್ಡಿರುವ ಮುಖದಲ್ಲಿಯೂ ನೀರಿನ ಕೊರತೆ ಇರಬಹುದು. ಅಂಥವರು ನೀರೇ ಪ್ರಧಾನವಾದ ಜೆಲ್ ಬಗೆಯದನ್ನು, ಪೊಟ್ಟಣದ ಮೇಲೆ "ನಾನ್ ಕೊಮೆಡೋಜೆನಿಕ್", ಅಂದರೆ ರಂಧ್ರ ಕಟ್ಟದ್ದು ಎಂದು ಬರೆದಿರುವುದನ್ನು ಆರಿಸಿಕೊಳ್ಳಬೇಕು. ಬಿಸಿಲಿನಲ್ಲಿ ತಿರುಗುವವರಿಗೆ ಎಸ್‌ಪಿಎಫ್ 30 ಇರುವ ಜೆಲ್ ಬಗೆಯ ಸನ್‌ಸ್ಕ್ರೀನು ಬೇಕು, ಏಕೆಂದರೆ ಮೊಡವೆ ಮಾಯ್ದರೂ ಅದರ ಕಪ್ಪು ಕಲೆ ಬಿಸಿಲಿಗೆ ಗಾಢವಾಗುತ್ತದೆ. ಇಷ್ಟೇ ಆರೈಕೆ. ಫಲ ಕಾಣಲು ಆರರಿಂದ ಎಂಟು ವಾರಗಳು ಬೇಕು. ಮೂರು ದಿನದಲ್ಲಿ ಬದಲಾವಣೆ ತೋರಿಸುವ ಸರಕು ನಿಮ್ಮ ಅಂಗಡಿಯಲ್ಲಿದ್ದರೆ ಅದನ್ನು ಕೈಗೆತ್ತಿಕೊಂಡು ಒಮ್ಮೆ ಓದಿ ನೋಡುವುದು ಲೇಸು.

ಅಜ್ಜಿಯ ಎಣ್ಣೆಬಟ್ಟಲಿಗೂ ನ್ಯಾಯ ಸಲ್ಲಬೇಕು. ಮೈಗೆ, ನೆತ್ತಿಗೆ ಎಣ್ಣೆ ಹಚ್ಚಿ, ಗಂಟೆಯ ನಂತರ ಸೀಗೆಕಾಯಿಯಿಂದ ತೊಳೆಯುವುದರಲ್ಲಿ ತಪ್ಪೇನಿಲ್ಲ. ತೊಂದರೆ ಬರುವುದು ರಾತ್ರಿಯೆಲ್ಲ ತಲೆಯಲ್ಲಿ ಉಳಿದ ಎಣ್ಣೆ ಹಣೆಗೆ ಇಳಿದಾಗ. ಕೂದಲಿನ ಅಂಚಿನುದ್ದಕ್ಕೂ ಸಾಲಾಗಿ ಮೊಡವೆ ಏಳುವವರು ದಿಂಬಿನ ಹೊದಿಕೆಯನ್ನು ನೋಡಿಕೊಳ್ಳಬೇಕು. ಮುಖಕ್ಕೆ ಕೊಬ್ಬರಿ ಎಣ್ಣೆಯನ್ನಂತೂ ಇಂಥವರು ಹಚ್ಚಲೇಬಾರದು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಘಟಕ ನಡೆಸುವ ಸದಸ್ಯರಿಗೂ ಇಲ್ಲಿ ಒಂದು ಮಾತು. ಲೇತ್, ಮಿಲ್ಲಿಂಗ್ ಯಂತ್ರಗಳ ಮೇಲೆ ದುಡಿಯುವವರಿಗೆ ಯಂತ್ರತೈಲ ತಾಗುವ ಮುಂಗೈ, ತೊಡೆಗಳ ಮೇಲೆ ಮೊಡವೆಯಂತಹ ಗುಳ್ಳೆಗಳು ಏಳುತ್ತವೆ. ಇದು ಮನೆಯಿಂದ ತಂದ ಎಣ್ಣೆ ಚರ್ಮವಲ್ಲ, ಕೆಲಸ ಕೊಟ್ಟದ್ದು. ತೈಲದಲ್ಲಿ ನೆನೆದ ಮೇಲಂಗಿಯನ್ನೇ ವಾರವೆಲ್ಲ ತೊಡುವುದು, ಕೈ ಒರೆಸಲು ಅದೇ ಜಿಡ್ಡು ಬಟ್ಟೆಯನ್ನು ಬಳಸುವುದು ಇದಕ್ಕೆ ಮುಖ್ಯ ಕಾರಣ. ತೊಳೆದ ಮೇಲಂಗಿ, ತೈಲ ತಡೆಯುವ ಏಪ್ರನ್, ಪಾಳಿ ಮುಗಿದಾಗ ಸೋಪು ನೀರು, ಇವುಗಳ ಖರ್ಚನ್ನು ಕಾರ್ಮಿಕ ಕಲ್ಯಾಣ ವೆಚ್ಚವೆಂದು ಬರೆಯಲು ಯಾವ ಅಡ್ಡಿಯೂ ಇಲ್ಲ. ಸೀಮೆಎಣ್ಣೆ, ಥಿನ್ನರುಗಳಲ್ಲಿ ಕೈ ತೊಳೆಯುವುದನ್ನು ಮಾತ್ರ ನಿಲ್ಲಿಸಬೇಕು.

ಸೋಪಿನ ಹೊದಿಕೆಯನ್ನು ಓದುವುದು

ಸೋಪಿನ ಮಾತು ಬಂದಾಗ ನಮ್ಮ ನೆಲದ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಮೊದಲನೆಯ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧದ ಮರ ಯುರೋಪಿಗೆ ಸಾಗದೆ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯ ಉದ್ಯಮ ಆರಂಭವಾಯಿತು. ಆ ಎಣ್ಣೆಯಿಂದ ಸೋಪು ಮಾಡುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದು, 1918ರಲ್ಲಿ ಬೆಂಗಳೂರಿನಲ್ಲಿ ಸೋಪು ತಯಾರಿಕೆಗೆ ತಳಹದಿ ಹಾಕಿದ ರಸಾಯನಶಾಸ್ತ್ರಜ್ಞರು ಎಸ್.ಜಿ. ಶಾಸ್ತ್ರಿಗಳು, ಅಂದರೆ ಸೋಸಲೆ ಗರಳಪುರಿ ಶಾಸ್ತ್ರಿಗಳು. ಸೋಸಲೆ ಇರುವುದು ನಮ್ಮ ತಿ. ನರಸೀಪುರ ತಾಲ್ಲೂಕಿನಲ್ಲಿ, ಗರಳಪುರಿ ಎಂಬುದು ನಂಜನಗೂಡಿನದೇ ಸಂಸ್ಕೃತ ಹೆಸರು. ಎರಡು ತಾಲ್ಲೂಕುಗಳನ್ನೂ ತಮ್ಮ ಹೆಸರಿನಲ್ಲಿ ಹೊತ್ತವರು ಮೈಸೂರು ಸ್ಯಾಂಡಲ್ ಸೋಪನ್ನು ಕೊಟ್ಟರು. ನಂಜನಗೂಡಿನಲ್ಲಿಯೇ ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ನಾಡಿನ ಮನೆಮನೆಯನ್ನು ಮುಟ್ಟಿತು. ಮೈಗೆ, ಹಲ್ಲಿಗೆ ಹಚ್ಚುವ ಪದಾರ್ಥದಲ್ಲಿ ಪ್ರಾಮಾಣಿಕ ವ್ಯಾಪಾರ ಮಾಡಿದ ಹಿರಿಯರು ನಮ್ಮಲ್ಲಿದ್ದಾರೆ ಎಂಬುದಕ್ಕಾಗಿ ಇಷ್ಟು ಹೇಳಿದೆ.

ಹೊದಿಕೆಯ ಮೇಲೆ ಟಿಎಫ್‌ಎಂ ಎಂದು ಒಂದು ಸಂಖ್ಯೆ ಇರುತ್ತದೆ. ಅದು ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕ 2888ರ ಪ್ರಕಾರ ಸ್ನಾನದ ಸೋಪಿನ ಒಂದನೆಯ ದರ್ಜೆಗೆ ಇದು ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. "ಬೇದಿಂಗ್ ಬಾರ್" ಎಂದು ಬರೆದಿರುವುದು ಬೇರೆ ಜಾತಿ; ಅದಕ್ಕೆ ಶೇ. 40 ಇದ್ದರೂ ಸಾಕು. ಹೀಗೆ 125 ಗ್ರಾಂನ ಒಂದನೆಯ ದರ್ಜೆಯ ಬಿಲ್ಲೆಯಲ್ಲಿ ಕನಿಷ್ಠ 95 ಗ್ರಾಂ ಕೊಬ್ಬಿನಂಶವಿದ್ದರೆ, ಅದೇ ತೂಕದ ಬೇದಿಂಗ್ ಬಾರಿನಲ್ಲಿ 50 ಗ್ರಾಂ ಇರಬಹುದು. ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಅಗ್ಗದ್ದು ಯಾವುದು ಎಂಬ ನಿಮ್ಮ ಅಭಿಪ್ರಾಯ ಬದಲಾಗಬಹುದು. ಆದರೆ ಒಂದು ಎಚ್ಚರಿಕೆ. ಈ ಸಂಖ್ಯೆ ಹೇಳುವುದು ಬಿಲ್ಲೆಯಲ್ಲಿ ಸೋಪು ಎಷ್ಟಿದೆ ಎಂಬುದನ್ನು ಮಾತ್ರ. ಚರ್ಮಕ್ಕೆ ಎಷ್ಟು ಮೃದು ಎಂಬುದನ್ನಲ್ಲ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಮೊಡವೆಗೆ ಮದ್ದು ಎಂದು ಗಿರಾಕಿಗೆ ಹೇಳುವುದು ಸರಿಯಲ್ಲ.

ತೆರಿಗೆಯ ವಿಷಯ ಎರಡೇ ಮಾತಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಬಿಲ್ಲೆ ರೂಪದ ಸ್ನಾನದ ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಮುಖದ ಪೌಡರು ಶೇ. 18ರಿಂದ 5ಕ್ಕೆ ಇಳಿದವು. ದ್ರವರೂಪದ ಫೇಸ್‌ವಾಶ್ ಮತ್ತು ಮುಖದ ಕ್ರೀಮುಗಳು ಶೇ. 18ರಲ್ಲಿಯೇ ಉಳಿದವು. ಅಲ್ಲಿಯವರೆಗೆ ತೆರಿಗೆ ಸೇರಿ 100 ರೂಪಾಯಿಗೆ ಮಾರುತ್ತಿದ್ದ ಸೋಪು ಈ ಇಳಿಕೆಯಿಂದ ಸುಮಾರು 89 ರೂಪಾಯಿ ಆಗಬೇಕು.

ಅಡುಗೆಮನೆಯ ಪದಾರ್ಥಗಳು

ಕಡಲೆಹಿಟ್ಟು ಜಿಡ್ಡನ್ನು ಹೀರುತ್ತದೆ. ಜರಡಿ ಹಿಡಿದ ನುಣ್ಣನೆಯ ಹಿಟ್ಟನ್ನು ನೀರಿನಲ್ಲಿ ಕಲಸಿ ಮೆಲ್ಲಗೆ ಹಚ್ಚಿ ತೊಳೆದರೆ ಸಾಕು, ಒಣಗಿಸಿ ಕೆರೆಯಬಾರದು. ಮುಲ್ತಾನಿ ಮಿಟ್ಟಿಯೂ ಹಾಗೆಯೇ ಹೀರುವ ಜೇಡಿಮಣ್ಣು. ವಾರಕ್ಕೊಮ್ಮೆ ಹಚ್ಚಿ, ಬಿರಿಯುವ ಮೊದಲೇ ತೊಳೆಯಬೇಕು. ಸೀಗೆಕಾಯಿಯ ನೊರೆಗೆ ಕಾರಣ ಅದರಲ್ಲಿರುವ ಸ್ಯಾಪೋನಿನ್. ಅದು ತಲೆಗೆ ಒಳ್ಳೆಯದು, ಮುಖಕ್ಕೆ ಒರಟು, ಕಣ್ಣಿಗೆ ಬಿದ್ದರಂತೂ ಹೇಳುವುದೇ ಬೇಡ. ನಿಂಬೆರಸವನ್ನು ಮುಖಕ್ಕೆ ಹಚ್ಚುವ ರೂಢಿಯನ್ನು ಬಿಡಬೇಕು. ಅದು ತೀಕ್ಷ್ಣ ಆಮ್ಲ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆ ಬೀಳುತ್ತದೆ. ಟೂತ್‌ಪೇಸ್ಟನ್ನು ಮೊಡವೆಗೆ ಹಚ್ಚುವವರೂ ಇದ್ದಾರೆ. ನಂಜನಗೂಡಿನವರಾಗಿ ನಾವಾದರೂ ಹಲ್ಲಿನ ಪದಾರ್ಥವನ್ನು ಹಲ್ಲಿಗೇ ಬಿಡೋಣ.

ಸೌಂದರ್ಯ ಸಾಧನವೋ ಔಷಧವೋ?

ಈಗ ಆ ಟ್ಯೂಬಿನ ವಿಷಯಕ್ಕೆ ಬರೋಣ. ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯ್ದೆ 1940ರದು. ಸೌಂದರ್ಯ ಸಾಧನಗಳಿಗೆ 2020ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿತು. ತಯಾರಕನಿಗೆ ಪರವಾನಗಿ ಬೇಕು. ಆದರೆ ಸ್ನೋ, ಪೌಡರು, ಫೇಸ್‌ವಾಶ್‌ಗಳನ್ನು ಮಾರುವ ಅಂಗಡಿಗೆ ಈ ಕಾಯ್ದೆಯಡಿ ಮಾರಾಟದ ಪರವಾನಗಿ ಬೇಕಿಲ್ಲ. ಔಷಧ ಹಾಗಲ್ಲ. ಅದಕ್ಕೆ ಪರವಾನಗಿ ಬೇಕು. ಎಚ್ ಅನುಸೂಚಿಯ ಔಷಧವಾದರೆ ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯೂ ವೈದ್ಯರ ಚೀಟಿಯೂ ಬೇಕು. ಪರವಾನಗಿಯಿಲ್ಲದೆ ಔಷಧ ಮಾರುವುದು ಸೆರೆವಾಸದವರೆಗೆ ಹೋಗಬಹುದಾದ ಅಪರಾಧ. ಇವೆರಡರ ನಡುವಿನ ಗಡಿ ಎಲ್ಲಿದೆ ಎಂಬುದು ತೆರಿಗೆ ವ್ಯಾಜ್ಯಗಳಲ್ಲಿ ವರ್ಷಾನುಗಟ್ಟಲೆ ಚರ್ಚೆಯಾಗಿದೆ. ವಿಕ್ಕೋ ಅರಿಶಿನ ಕ್ರೀಮು ಔಷಧವೋ ಸೌಂದರ್ಯ ಸಾಧನವೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2004ರಲ್ಲಿ ಔಷಧವೆಂದೇ ತೀರ್ಮಾನವಾಯಿತು. ಅಲ್ಲಿ ಪಣಕ್ಕಿದ್ದುದು ಅಬಕಾರಿ ಸುಂಕ. ನಮ್ಮ ಟ್ಯೂಬಿನಲ್ಲಿ ಪಣಕ್ಕಿದ್ದುದು ಹುಡುಗಿಯ ಮುಖ.

ಆ ಟ್ಯೂಬಿನಲ್ಲಿ ಏನಿತ್ತು? ಭೂತಗನ್ನಡಿ ಹಿಡಿದು ಓದಿದೆ: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟಿರಾಯ್ಡ್. ಈ ಮಿಶ್ರಣಕ್ಕೆ ವೈದ್ಯಶಾಸ್ತ್ರದಲ್ಲಿ ಸ್ಥಾನವಿದೆ. ಮುಖದ ಬಂಗಿನ ಕಲೆಗೆ ತಜ್ಞರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಜಿಡ್ಡು ಮುಖಕ್ಕೆ, ಮೊಡವೆಗೆ, ಬೆಳ್ಳಗಾಗುವುದಕ್ಕೆ ಇದು ಮದ್ದಲ್ಲ. ಸ್ಟಿರಾಯ್ಡ್ ಉರಿಯೂತವನ್ನು ಒಮ್ಮೆಗೇ ಇಳಿಸುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದುದರಿಂದ ಮೊದಲ ವಾರಗಳಲ್ಲಿ ಮುಖ ತಿಳಿಯಾಗಿ, ನುಣುಪಾಗಿ ಕಾಣುತ್ತದೆ. ಗಿರಾಕಿ ಸಂತೋಷದಿಂದ ಎರಡನೆಯ ಟ್ಯೂಬಿಗೆ ಬರುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಾಳಗಳು ಹಿಗ್ಗಿ ಕಾಣುತ್ತವೆ, ರೋಮ ಬೆಳೆಯುತ್ತದೆ, ಹಳೆಯದಕ್ಕಿಂತ ಹೆಚ್ಚು ಮೊಡವೆ ಏಳುತ್ತದೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಆದುದರಿಂದ ಬಿಡಲಾಗುವುದಿಲ್ಲ. ಹದಿನಾರಿನಲ್ಲಿ ನಾನು ಕಂಡದ್ದು ಇದನ್ನೇ.

ಹಿಂದೆ ಮೇಲೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ ಹಲವು ಚೀಟಿಯ ಕಟ್ಟುಪಾಡಿನಿಂದ ತಪ್ಪಿಸಿಕೊಂಡಿದ್ದವು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಂತಹ 14 ಸ್ಟಿರಾಯ್ಡ್‌ಗಳ ರಿಯಾಯಿತಿಯನ್ನು ತೆಗೆದುಹಾಕಿತು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಿದ್ದರೂ ಚೀಟಿಯಿಲ್ಲದೆ ಮಾರುವಂತಿಲ್ಲ. ಗುರುತಿಸುವುದು ಕಷ್ಟವೇನಲ್ಲ: ಪೊಟ್ಟಣದ ಎಡ ಮೂಲೆಯಲ್ಲಿ ಆರ್‌ಎಕ್ಸ್ ಎಂಬ ಚಿಹ್ನೆ, ಎಚ್ ಅನುಸೂಚಿಯ ಎಚ್ಚರಿಕೆ, "ಸೋನ್" ಅಥವಾ "ಸಾಲ್" ಎಂದು ಕೊನೆಗೊಳ್ಳುವ ಘಟಕದ ಹೆಸರು, ಬಿಲ್ಲಿನಲ್ಲಿ 3004. ಸೌಂದರ್ಯ ಸಾಧನದ ವೇಷದಲ್ಲಿ ಬರುವ ಇನ್ನೊಂದು ಅಪಾಯ ಪಾದರಸ. ತಯಾರಕನ ವಿಳಾಸವೂ ಪರವಾನಗಿ ಸಂಖ್ಯೆಯೂ ಬ್ಯಾಚ್ ಸಂಖ್ಯೆಯೂ ಇಲ್ಲದ, ಹೊರದೇಶದ ಲಿಪಿಯ ಬಿಳುಪಿನ ಕ್ರೀಮುಗಳಲ್ಲಿ ಅದು ಇರುವ ಸಂಭವ ಹೆಚ್ಚು. ನಮ್ಮ ನಿಯಮದಂತೆ ಮುಖದ ಕ್ರೀಮಿನಲ್ಲಿ ತಿಳಿಯದೆ ಸೇರಿದ ಪಾದರಸ ಕೂಡ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಬಾರದು. ಅಂತಹ ಡಬ್ಬಿಯನ್ನು ಬಿಲ್ಲಿಲ್ಲದೆ ತಂದುಕೊಡುವ ಮಾರಾಟಗಾರನನ್ನು ಬಾಗಿಲಲ್ಲಿಯೇ ತಡೆಯಬೇಕು.

ಪರವಾನಗಿ ಇರುವ ಔಷಧದಂಗಡಿಯವರಿಗೆ ಇನ್ನೊಂದು ಮಾತು. ಐಸೋಟ್ರೆಟಿನಾಯಿನ್ ಎಂಬ ಗುಳಿಗೆ ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುವ ನಿಜವಾದ ಮದ್ದು. ತೀವ್ರ ಮೊಡವೆಗೆ ತಜ್ಞರು ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ಗರ್ಭಿಣಿಯರು ನುಂಗಿದರೆ ಶಿಶುವಿಗೆ ಘೋರವಾದ ಅಂಗವೈಕಲ್ಯ ಉಂಟಾಗುತ್ತದೆ. ಹಳೆಯ ಚೀಟಿ ತೋರಿಸಿ ಗೆಳತಿಗೆಂದು ಕೇಳಿದರೆ ಇದನ್ನು ಕೊಡಬಾರದು.

ನನ್ನ ಕಕ್ಷಿದಾರರು ಕೆಟ್ಟವರಲ್ಲ. ವಿತರಕನು ಇದನ್ನು "ಮುಖದ ಕ್ರೀಮು, ಚೆನ್ನಾಗಿ ಓಡುತ್ತದೆ" ಎಂದು ಕೊಟ್ಟಿದ್ದ, ಅದು ಚೆನ್ನಾಗಿಯೇ ಓಡಿತ್ತು. ಲೆಕ್ಕ ಬಿಡಿಸಿ ತೋರಿಸಿದಾಗ ಅವರನ್ನು ಮೊದಲು ತಟ್ಟಿದ್ದು ಬೇರೆಯೇ ಅಂಶ. 100 ರೂಪಾಯಿಯ ಮಾರಾಟದಲ್ಲಿ ಶೇ. 12ರಂತೆ ತೆರಿಗೆ 10 ರೂಪಾಯಿ 71 ಪೈಸೆ, ಶೇ. 18ರಂತೆ 15 ರೂಪಾಯಿ 25 ಪೈಸೆ. ಎರಡು ವರ್ಷ ಪ್ರತಿ ನೂರಕ್ಕೆ ನಾಲ್ಕೂವರೆ ರೂಪಾಯಿಯನ್ನು ಕೈಯಿಂದ ಕಟ್ಟಿದ್ದರು. ಅದು ಮರಳಿ ಬರುತ್ತದೆಯೇ ಎಂದು ಕೇಳಿದರು. ಬಿಲ್ಲಿನಲ್ಲಿ ತೆರಿಗೆಯೆಂದು ತೋರಿಸಿ ಗಿರಾಕಿಯಿಂದ ಪಡೆದದ್ದು ಸರ್ಕಾರಕ್ಕೇ ಸೇರಬೇಕೆಂದು ವಿವರಿಸಿದೆ. ಆಮೇಲೆ ನನ್ನ ತಮ್ಮನ ಮಗಳ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗಿನಿಂದ ಇನ್ನೂ ಒಂದು ಪೆಟ್ಟಿಗೆಯನ್ನು ತಾವೇ ತಂದಿಟ್ಟರು. ಅದು ಪಟ್ಟಿಯಲ್ಲಿ ಇರಲಿಲ್ಲ. ಮೂರು ಪೆಟ್ಟಿಗೆಗಳೂ ಡೆಬಿಟ್ ನೋಟಿನೊಡನೆ ವಿತರಕನಿಗೆ ಹಿಂದಿರುಗಿದವು. ನನ್ನ ಕಚೇರಿಯಲ್ಲಿ ಈಗ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುವ ಹುಡುಗರು ಕ್ರೀಮು ಎಂದು ಕಂಡಲ್ಲೆಲ್ಲ ಖರೀದಿ ಬಿಲ್ಲಿನ ಸಂಖ್ಯೆಯನ್ನು ತಾಳೆ ನೋಡುತ್ತಾರೆ. ಇನ್ನೆರಡು ಅಂಗಡಿಗಳಲ್ಲಿ 3004 ಸಿಕ್ಕಿದೆ.

ತಮ್ಮನ ಮಗಳನ್ನು ಮೈಸೂರಿನ ಚರ್ಮರೋಗ ತಜ್ಞರಲ್ಲಿಗೆ ಕರೆದೊಯ್ದೆವು. ಅವರು ಒಮ್ಮೆಗೇ ನಿಲ್ಲಿಸದೆ, ಹಂತಹಂತವಾಗಿ ಬಿಡಿಸಿದರು. ಮೇ ತಿಂಗಳ ಬಿಸಿಲಿನಲ್ಲಿ ಮೂರು ವಾರ ಆಕೆ ಮನೆಯಿಂದ ಹೊರಬರಲಿಲ್ಲ, ಪರೀಕ್ಷೆಗೆ ದುಪಟ್ಟ ಹೊದ್ದು ಹೋದಳು. ಆಯುಧಪೂಜೆಯ ದಿನ ನಮ್ಮ ಕಚೇರಿಗೆ ಬಂದಾಗ ಕೆಂಪು ಬಹುಮಟ್ಟಿಗೆ ಇಳಿದಿತ್ತು, ನಾಳಗಳ ಎಳೆ ಮಾತ್ರ ಬಲಗೆನ್ನೆಯಲ್ಲಿ ಹಾಗೆಯೇ ಇತ್ತು. ಹಣೆ ಎಂದಿನಂತೆ ಹೊಳೆಯುತ್ತಿತ್ತು. "ದೊಡ್ಡಪ್ಪ, ಗಾಣ ನಿಂತಿಲ್ಲ," ಎಂದು ನಕ್ಕು, ಕರವಸ್ತ್ರದಿಂದ ಹಣೆಯನ್ನು ಒತ್ತಿ ಒರೆಸಿಕೊಂಡು, ಲೆಕ್ಕದ ಪುಸ್ತಕಗಳಿಗೆ ಕುಂಕುಮವಿಡಲು ಕುಳಿತಳು.